ಹತ್ತು ಗಂಟೆಯ ಜಿಗಿತ

ಮೊನ್ನೆ ಸಾಸ್ತಾನದ ಟೋಲಿನಲ್ಲಿ ಕಾರು ನಿಂತಿತ್ತು. ಮುಂದೆ ಮೀನಿನ ಟೆಂಪೊ, ಮೂಗಿಗೆ ಬಂಗುಡೆಯ ವಾಸನೆ. ಗಾಜು ಏರಿಸಿದೆ, ಇಳಿಸಿದೆ, ಮತ್ತೆ ಏರಿಸಿದೆ. ಕಿರಿಮಂಜೇಶ್ವರದ ಮೀನಕ್ಕ ಕಣ್ಣೆದುರು ಬಂದು ನಿಂತಿದ್ದರು...

ಅವರ ಹಿತ್ತಿಲಿನಲ್ಲಿ ನಮ್ಮದೊಂದು ಪುಟ್ಟ ಗುಡಿಸಲಿತ್ತು. ಒಳಗೆ ಭೂಮಿಯ ಕಾಂತಬಲ ಅಳೆಯುವ ಯಂತ್ರ. ಸೂರ್ಯನಿಂದ ಸಿಡಿದ ಕಣಗಳು ಬಂದು ಬಡಿದು ಮೇಲಿನ ವಾಯುಮಂಡಲ ಕಲಕಿದಾಗ ಅದು ಬರೆಯುವ ಗೆರೆ ಜಿಗಿಯುತ್ತಿತ್ತು. ನಾಲ್ಕಾರು ದೇಶಗಳ ವಿಜ್ಞಾನಿಗಳಾದ ನಾವು ಇಂಥ ಅಳತೆಗಳನ್ನು ಹಂಚಿಕೊಂಡು ಒಟ್ಟಿಗೆ ಓದುತ್ತಿದ್ದೆವು. ಕಷ್ಟವೆಂದರೆ, ಹತ್ತಿರ ಕಬ್ಬಿಣ ಬಂದರೂ ಗೆರೆ ಜಿಗಿಯುತ್ತಿತ್ತು. ಅದಕ್ಕೇ ಅಕ್ಕ ಮೀನು ಮಾರಿ ಬಂದವರು ಕತ್ತಿ, ತಕ್ಕಡಿಗಳನ್ನು ಬೇಲಿಯಾಚೆ ಇಟ್ಟು, ನಾಗಬನಕ್ಕೆ ಹೋಗುವವರ ಹಾಗೆ ಮೆಲ್ಲಗೆ ಹಿತ್ತಿಲು ದಾಟುತ್ತಿದ್ದರು. ಮರುದಿನ ಹೋಗುವಾಗ ಎತ್ತಿಕೊಳ್ಳುತ್ತಿದ್ದರು.

ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಗೆರೆ ದಿಢೀರನೆ ಜಿಗಿದಿತ್ತು. ಅಕ್ಕ ಮನೆಗೆ ಬರುವ ಹೊತ್ತೇ ಅದು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಕತ್ತಿ ಹಿಡಿದುಕೊಂಡೇ ಬಂದಿರಲ್ಲ ಎಂದು ಅವರ ಸೊಸೆಯೆದುರೇ ರೇಗಿದೆ.

“ಇಲ್ಲೆ ಮಾರಾಯ್ರೆ, ದೇವ್ರಾಣಿ! ಬೇಲಿ ಹೊರ್ಗೇ ಇಟ್ಟಿದೆ,” ಎಂದರು ಅಕ್ಕ.

“ಹಂಗಾರೆ ಯಂತ್ರ ಸುಳ್ ಹೇಳತ್ತಾ?” ಎಂದೆ.

ನಾನು ಆ ಗಂಟೆಯ ಅಳತೆಯನ್ನು ತೆಗೆದುಹಾಕಿ ಉಳಿದದ್ದನ್ನು ಕಳಿಸಿದೆ.

ವಾರದೊಳಗೆ ಜೊತೆಗಾರರ ಇಮೇಲ್ ಬಂತು. ಅದೇ ನಿಮಿಷಕ್ಕೆ ಎಲ್ಲ ಕಡೆಯ ಗೆರೆಗಳೂ ಜಿಗಿದಿವೆ, ದೊಡ್ಡ ಕಾಂತ ಬಿರುಗಾಳಿಯ ಮೊದಲ ಪೆಟ್ಟು ಅದು, ನಿಮ್ಮದೇಕೆ ಖಾಲಿ? ಅಯ್ಯೋ, ನನ್ನ ಬುದ್ಧಿಗಿಷ್ಟು! ಮೂಲ ಪ್ರತಿ ಹುಡುಕಿ ಅವತ್ತೇ ಕಳಿಸಿದೆ. ಅಕ್ಕನ ಹತ್ತಿರ ಮಾತ್ರ ನಾಳೆ ಹೋದರಾಯ್ತು, ಮಳೆ ಬಿಟ್ಟ ಮೇಲೆ ಹೋದರಾಯ್ತು... ಮುಖ ತೋರಿಸಲು ನಾಚಿಕೆ, ಅಷ್ಟೇ. ಯಂತ್ರ ನೋಡಲು ಬೇರೆಯವರನ್ನು ಕಳಿಸುತ್ತಾ ವರ್ಷಗಳನ್ನೇ ಕಳೆದೆ.

ಮೊನ್ನೆ ಮಾತ್ರ ತಡೆಯಲಾಗಲಿಲ್ಲ. ಟೋಲ್ ದಾಟಿದವನು ಎಲ್ಲೂ ನಿಲ್ಲದೆ ಕಿರಿಮಂಜೇಶ್ವರಕ್ಕೆ ಹೋದೆ. ಬಾಗಿಲಿಗೆ ಬಂದದ್ದು ಸೊಸೆ.

“ಅತ್ತೆ ತೀರಿ ಹೋಯಿ ಎರಡ್ ತಿಂಗ್ಳಾಯ್ತ್,” ಎಂದಳು. “ನೀವ್ ಬೈದ್ ಮೇಲೆ ಅವ್ರ್ ಹಿತ್ಲ್ ತುಳೀಲೇ ಇಲ್ಲೆ. ಬುಟ್ಟಿ ಹೊತ್ಕಂಡ್, ಆ ಬಿಸ್ಲಗೆ, ಊರೆಲ್ಲ ಸುತ್ತಿ ಮನಿಗ್ ಬತ್ತಿದ್ರ್.”

ಜಗಲಿಯಲ್ಲಿ ಕೂರಲಾಗಲಿಲ್ಲ. ಎದ್ದು ನಿಂತು, ತಪ್ಪು ನನ್ನದು, ಅಕ್ಕ ಹೇಳಿದ್ದೇ ನಿಜ ಎಂದು ಒಂದೇ ಉಸಿರಿಗೆ ಹೇಳಿದೆ.

“ನಂಗ್ ಹೇಳಿ ಎಂತ ಮಾಡುದ್?” ಎಂದಳು. “ಅವ್ರಿಗ್ ಹೇಳ್ಬೇಕಿತ್ತ್.”