ಎಮ್ಮೆಗೆ ಬಿದ್ದ ಬರೆ

ನನ್ನ ಅತ್ತೆ ಭೀಮಬಾಯಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೈಯುವುದು ಬಹಳ ಇದೆ. ಔರಾದ ಕಡೆಯ ಕುರಿಗಾರರ ಮನೆಯಲ್ಲಿ ಹುಟ್ಟಿ, ಭಾಲ್ಕಿ ಹತ್ತಿರದ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದವಳು. ಕುರಿ ಕುಂಟಿದರೂ ಬರೆ, ಕೆಮ್ಮಿದರೂ ಬರೆ. ಮನುಷ್ಯರಿಗೆ ಕಾಮಣಿ, ಅಂದರೆ ಕಾಮಾಲೆ, ಆದರೆ ಕುಡುಗೋಲಿನ ತುದಿ ಕೆಂಪಗೆ ಕಾಯಿಸಿ ಮುಂಗೈಗೆ ಇಡುತ್ತಿದ್ದಳು. ಚರ್ಮ ಚುರ್ ಎಂದರೂ ಎತ್ತುತ್ತಿರಲಿಲ್ಲ.

ಆಕೆಯ ಹೆಸರು ಬೆಳೆದದ್ದು ನನ್ನ ಗಂಡ ಹಣಮಂತನ ಮೈಮೇಲೆ. ಚಿಕ್ಕವನಿದ್ದಾಗ ಜ್ವರ ಬಂದಾಗಲೆಲ್ಲ ಅವನ ಕಣ್ಣು ಹಳದಿಯಾಗುತ್ತಿತ್ತಂತೆ. ಇಬ್ಬರು ಗಂಡಸರು ಅದುಮಿ ಹಿಡಿಯುತ್ತಿದ್ದರು, ಈಕೆ ಸುಡುತ್ತಿದ್ದಳು. ಎರಡು ವಾರದಲ್ಲಿ ಹಳದಿ ಹೋಗುತ್ತಿತ್ತು, ಊರು ಈಕೆಗೆ ಕೈ ಮುಗಿಯುತ್ತಿತ್ತು. ಮೂರು ಕಲೆ ಇವತ್ತಿಗೂ ಇವೆ.

ನಮ್ಮ ಎಂಟು ವರ್ಷದ ಸುಜಾತಾಳಿಗೂ ಅದೇ ಹಳದಿ. ಬೀದರಿನ ಡಾಕ್ಟರರಿಗೆ ತೋರಿಸಿದೆ.

“ರಕ್ತದ ಕೆಂಪು ಕಣ ಜಲ್ದಿ ಒಡೀತಾವರಿ. ಅಪ್ಪನಿಂದ ಬಂದದ, ಅಂಜಬ್ಯಾಡ್ರಿ. ಆರು ತಿಂಗಳಿಗೊಮ್ಮಿ ರಕ್ತ ನೋಡೋಣು. ವೈರಲ್ ಜ್ವರದಾಗ ನೋಡಿದ್ರ ರಿಪೋರ್ಟ್ ಕೆಟ್ಟ ಕಾಣ್ತದ. ಜ್ವರ ಬಿಟ್ಟು ತಿಂಗಳಾದ ಮ್ಯಾಲ ನೋಡಿದ್ದೇ ಖರೇ ಲೆಕ್ಕ. ಕೂಸು ಬಿಳಿಚಿದ್ರ, ಸುಸ್ತಾಗಿ ಬಿದ್ರ ಮಾತ್ರ ಓಡಿ ಬರ್ರಿ,” ಎಂದರು.

ಈ ಮಾತು ನನ್ನ ಗಂಡನ ತಲೆಗೆ ಹೋಗಬೇಕಲ್ಲ! ಹೋದ ಶ್ರಾವಣದಲ್ಲಿ ಮಗಳಿಗೆ ಜ್ವರ ಬಂದ ಮೂರನೇ ದಿನವೇ ಭಾಲ್ಕಿಗೆ ಒಯ್ದು ರಕ್ತ ಕೊಡಿಸಿದ. ಎರಡಿದ್ದ ಕಾಮಣಿ ಅಂಕಿ ಐದಾಗಿತ್ತು. ಚೀಟಿ ಹಿಡಿದು ಅಳುತ್ತ ಬಂದ. ನಾನು ಅಂಗಳಕ್ಕೆ ಬಂದು ಡಾಕ್ಟರರಿಗೆ ಫೋನ್ ಹಚ್ಚಿದೆ. ನಾಳೆ ಕರೆತನ್ನಿ ಎಂದರು. ಅಷ್ಟರಲ್ಲಿ ಒಳಗಿಂದ ಮಗಳ ಚೀರಾಟ.

ಹಣಮಂತ ಅವಳ ಕೈಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದ, ತನ್ನ ಕಲೆಯ ಕೈಯಿಂದಲೇ! ಅತ್ತೆಯ ಕೈಯಲ್ಲಿ ಕೆಂಪಗಾದ ಕುಡುಗೋಲು.

“ಬ್ಯಾಡ್ರಿ ಅತ್ತಿ!”

“ಸರಿ ಹಿಂದ! ನನ್ನ ಮಗನ್ನ ಉಳಿಸಿದ ಕೈ ಇದು.”

ಗಂಡನ ಎದೆಗೆ ಒದ್ದೆ. ಹೌದು, ಒದ್ದೆ, ಬೇಕಾದರೆ ಇನ್ನೊಮ್ಮೆ ಒದೆಯುತ್ತೇನೆ. ಅವನು ಕೊಡಗಳ ಮೇಲೆ ಬಿದ್ದ. ನಾನು ಮಗಳ ಮೇಲೆ ಅಡ್ಡಬಿದ್ದೆ, ಕುಡುಗೋಲು ನನ್ನ ತೋಳಿಗೆ ಕೂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಎಮ್ಮೆ ನಾನಾದೆ. ಸುಟ್ಟ ವಾಸನೆಯಲ್ಲೇ ಅತ್ತೆಯ ತುರುಬು ಹಿಡಿದು ಗೋಡೆಗೆ ನೂಕಿದೆ. ಆಕೆ ನನ್ನ ಕೆನ್ನೆಗೆ ಬಾರಿಸಿದಳು, ನನ್ನ ತುಟಿ ಒಡೆಯಿತು. ಅಕ್ಕಪಕ್ಕದವರು ಬಂದು ಬಿಡಿಸಿದರು.

ಮರುದಿನ ಬೀದರಿನಲ್ಲಿ ನನ್ನ ತೋಳಿಗೆ ಪಟ್ಟಿ ಕಟ್ಟಿದರು, ಮಗಳಿಗೆ ಜ್ವರದ ಔಷಧಿ ಕೊಟ್ಟರು, ಅಷ್ಟೇ. ಜ್ವರ ಬಿಟ್ಟು ಐದು ವಾರಕ್ಕೆ ಮತ್ತೆ ರಕ್ತ ಕೊಟ್ಟೆವು. ಐದು ಹೋಗಿ ಎರಡಾಗಿತ್ತು.

ಚೀಟಿಯನ್ನು ಅತ್ತೆಯ ಮುಂದೆ ಎಸೆದೆ. “ಇಕೀಗಿ ಯಾರೂ ಬರಿ ಹಾಕಿಲ್ರಿ ಅತ್ತಿ. ತಾನೇ ಇಳದದ.”

ಆಕೆಗೆ ಓದು ಬರುವುದಿಲ್ಲ. ಮೊಮ್ಮಗಳ ರೆಪ್ಪೆ ಎಳೆದು ಬಹಳ ಹೊತ್ತು ಕಣ್ಣು ನೋಡಿದಳು. ಆಮೇಲೆ ಮಗನ ಕೈ ಜಗ್ಗಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

“ಹಣಮ್ಯಾ, ಹಂಗಾರ ಇವು ಮೂರೂ ಸುಮ್ಮನ ಸುಟ್ಟೆನೇನೋ?”

ಆಕೆ ಒಳಗಿನಿಂದ ಬೆಣ್ಣೆ ತಂದು, ಮೂವತ್ತು ವರ್ಷದ ಹಳೆಯ ಕಲೆಗಳಿಗೆ ಒಂದೊಂದಾಗಿ ಸವರತೊಡಗಿದಳು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಪಕ್ಕದಲ್ಲಿ ಕೂತು ನಾನೂ ತೋಳು ಚಾಚಿದೆ.