ಗೊತ್ತಪ್ಪ ಕೇಳಿದ ಪ್ರಶ್ನೆ

ನಮ್ಮ ಭಾವನಿಗೆ ಗೊತ್ತಪ್ಪ ಎಂದು ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಯಾರು ಏನು ಹೇಳಹೊರಟರೂ ಈ ಮನುಷ್ಯ “ಗೊತ್ತಪ್ಪಾ, ಗೊತ್ತು” ಎಂದು ಬಾಯಿ ಮುಚ್ಚಿಸಿಬಿಡುತ್ತಾರೆ. ದಾರಿ ತಪ್ಪಿದರೂ ಕೇಳುವ ಜಾತಿಯಲ್ಲ. ಬೀದಿ ಬೀದಿ ಸುತ್ತಿಸಿ, “ಈ ಕಡೆ ಗಾಳಿ ಚೆನ್ನಾಗಿದೆ, ಅಲ್ವೇನೇ ಇವಳೇ?” ಎನ್ನುತ್ತಾರೆ. ಇವಳೇ ಎಂದರೆ ನಮ್ಮಕ್ಕ. ಮದುವೆಯಾದಾಗಿನಿಂದ ಅವಳಿಗೆ ಅದೇ ಹೆಸರು.

ನಾನು ನರ್ಸ್ ಆಗಿರುವ ಮಕ್ಕಳ ಆಸ್ಪತ್ರೆಯಲ್ಲೇ ಭಾವನಿಗೂ ಕೆಲಸ. ಬಾಗಿಲ ಬಳಿಯ ಮೇಜಿನಲ್ಲಿ ಕೂತು, ಬಂದವರ ಚೀಟಿ ನೋಡಿ ಹೆಸರು ಕೂಗಬೇಕು. ಹತ್ತಿರದ ಕಾರ್ಖಾನೆಗೆ ಜಪಾನಿ ಸಂಸಾರಗಳು ಬಂದಿಳಿದ ಮೇಲೆ ಭಾವ ಸಂಜೆ ಪಾಠಕ್ಕೆ ಸೇರಿ ಅವರ ಅಕ್ಷರ ತಿದ್ದತೊಡಗಿದರು. ಐವತ್ತು ದಾಟಿದವರ ಆ ಹಟವನ್ನು ಮೆಚ್ಚಲೇಬೇಕು. ಅಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಅರ್ಥ; ಒಂಟಿಯಾಗಿದ್ದರೆ ಒಂದು ಉಚ್ಚಾರ, ಜೊತೆ ಸೇರಿದರೆ ಇನ್ನೊಂದು.

“ಥೇಟ್ ನಿಮ್ಮಕ್ಕನ ಹಾಗೆ. ನನ್ನ ಹತ್ರ ಒಂದು ದನಿ, ತವರಿನವರ ಹತ್ರ ಇನ್ನೊಂದು,” ಎಂದರು ನನಗೆ. ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ಕುಕ್ಕಿದಳು.

ಪಾಠದ ಮೇಡಂ ಮೊದಲೇ ಎಚ್ಚರಿಸಿದ್ದರು: “ಮನೆತನದ ಹೆಸರು ಮಾತ್ರ ಊಹೆ ಮಾಡ್ಬೇಡಿ ಸರ್, ಅವರನ್ನೇ ಕೇಳಿ. ಜಪಾನಿನವರೇ ಒಬ್ಬರನ್ನೊಬ್ಬರು ಕೇಳ್ಕೋತಾರೆ.”

“ಗೊತ್ತಮ್ಮಾ, ಗೊತ್ತು.”

ಇಷ್ಟಕ್ಕೇ ಬಿಟ್ಟರೇ? ಜಪಾನಿನವರ ಚೀಟಿಯಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಲು ಇದ್ದ ಸಾಲನ್ನೇ ತೆಗೆಸಿದರು. “ಅವರ ಅಕ್ಷರದಲ್ಲೇ ಬರೀಲಿ. ಓದೋಕೆ ನಾನಿಲ್ವಾ?” ಡಾಕ್ಟರಮ್ಮ ಅರೆಮನಸ್ಸಿನಿಂದ ಒಪ್ಪಿದರು. “ಆದ್ರೆ ನಿಮ್ಮಿಂದ ಒಂದು ಮಗು ಹಿಂದೆ ಉಳಿದ್ರೂ ಈ ಕುರ್ಚಿ ಬೇರೆಯವರಿಗೆ.”

ಕೆಲವು ದಿನ ಎಲ್ಲ ಸುಸೂತ್ರ. ಆಮೇಲೊಂದು ಬೆಳಿಗ್ಗೆ ಮೂರೇ ಅಕ್ಷರದ ಚೀಟಿ ಬಂತು: ಸಣ್ಣ, ಹಕ್ಕಿ, ಆಟ. ಭಾವ ಗಂಟಲು ಸರಿಮಾಡಿಕೊಂಡು, ಅಕ್ಷರ ಇದ್ದ ಹಾಗೇ ಓದಿ “ಕೊತೋರಿ ಅಸೋಬಿ ಸಾನ್!” ಎಂದು ಕೂಗಿದರು. ಯಾರೂ ಏಳಲಿಲ್ಲ. ಮತ್ತೂ ಜೋರಾಗಿ ಕೂಗಿದರು. ಮೊಮ್ಮಗನ ಜೊತೆ ತೂಕಡಿಸುತ್ತಿದ್ದ ಅಜ್ಜನೊಬ್ಬ ಬೆಚ್ಚಿಬಿದ್ದ, ಅಷ್ಟೆ. “ಎದ್ದು ಹೋಗಿರಬೇಕು” ಎಂದು ಚೀಟಿಯನ್ನು ಪಕ್ಕಕ್ಕಿಟ್ಟು ಮುಂದಿನವರನ್ನು ಕರೆದರು.

ಗೋಡೆ ಬದಿಯ ಬೆಂಚಿನಲ್ಲಿ ಜಪಾನಿ ತಾಯಿಯೊಬ್ಬಳು ಮಗಳನ್ನು ಹೆಗಲಿಗೆ ಹಾಕಿಕೊಂಡು ಕೂತೇ ಇದ್ದಳು. ಹಿಂದಿನಿಂದ ಬಂದವರೆಲ್ಲ ತೋರಿಸಿಕೊಂಡು ಹೋದರು. ಒಳಗಿನಿಂದ ಬಂದ ನಾನು ಮಗುವಿನ ಹಣೆ ಮುಟ್ಟಿದೆ. ಕೆಂಡ! ನನ್ನ ಮೈಯೆಲ್ಲ ಉರಿದುಹೋಯಿತು.

“ಭಾವ, ಈ ಮಗುನ ಕರೆದ್ರಾ?”

“ಗೊ...” ಎಂದವರು ಅಲ್ಲಿಗೇ ನುಂಗಿಕೊಂಡರು. ಪಕ್ಕಕ್ಕಿಟ್ಟ ಚೀಟಿ ನೋಡಿದರು, ಮಗುವನ್ನು ನೋಡಿದರು. ಬಾಗಿಲಲ್ಲಿ ಡಾಕ್ಟರಮ್ಮ ಬಂದು ನಿಂತಿದ್ದರು. ಹೆಸರು ಕೇಳಿದರೆ ಎಲ್ಲರೆದುರು ಮರ್ಯಾದೆಯೂ ಹೋಗುತ್ತದೆ, ಕುರ್ಚಿಯೂ ಹೋಗುತ್ತದೆ. ಭಾವ ಎದ್ದು ಬಂದರು, ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ತಡವರಿಸುತ್ತ, ಜಪಾನಿಯಲ್ಲೇ, ನಿಮ್ಮನ್ನು ಏನೆಂದು ಕರೆಯಬೇಕು ಎಂದು ಕೇಳಿದರು.

“ತಕನಾಶಿ,” ಎಂದಳು ಆಕೆ. ಭಾವ ಮಗುವನ್ನು ಎತ್ತಿಕೊಂಡು ತಾವೇ ಒಳಗೆ ಓಡಿದರು.

ಜ್ವರ ಇಳಿಯುವ ಹೊತ್ತಿಗೆ ಆಕೆ ನಗುತ್ತ ವಿವರಿಸಿದಳು. ತಕನಾಶಿ ಎಂದರೆ ಗಿಡುಗ ಇಲ್ಲ ಎಂದು. ಸಣ್ಣ ಹಕ್ಕಿಗಳು ಆಡುತ್ತಿವೆ ಎಂದಮೇಲೆ ಅಲ್ಲಿ ಗಿಡುಗ ಇಲ್ಲವೆಂದೇ ತಾನೆ! ಅವಳ ದೇಶದವರೂ ಕೇಳಿಯೇ ಓದುತ್ತಾರಂತೆ.

ಭಾವ ನೇರ ಡಾಕ್ಟರಮ್ಮನ ಹತ್ತಿರ ಹೋದರು. “ಕುರ್ಚಿ ಬಿಟ್ಕೊಡ್ತೀನಿ ಮೇಡಂ. ಮಗೂಗೆ ಏನಾದ್ರೂ ಆಗಿದ್ರೆ...”

“ಬೇಡ. ಇನ್ನೊಬ್ಬರಿಗೆ ಕೇಳೋದು ಕಲಿಸೋಕೆ ನನಗೆ ಪುರುಸೊತ್ತಿಲ್ಲ,” ಎಂದರು ಅವರು. ಚೀಟಿಗೆ ಹಳೆಯ ಸಾಲು ವಾಪಸು ಬಂತು.

ಅಂದು ಸಂಜೆ ನಾನು ಅಕ್ಕನ ಮನೆಯಲ್ಲೇ ಇದ್ದೆ. ಭಾವ ಚಪ್ಪಲಿ ಬಿಡುತ್ತ ಎಂದಿನಂತೆ “ಇವಳೇ...” ಎಂದು ಕರೆದರು. ಅಕ್ಕ ನೀರಿನ ಲೋಟ ಹಿಡಿದು ಬಂದಳು.

“ನಿನ್ನನ್ನ ಏನಂತ ಕರೆದ್ರೆ ನಿನಗಿಷ್ಟ?”

ಅಕ್ಕ ಲೋಟವನ್ನು ಅವರ ಕೈಗಿಟ್ಟಳು. ಆಮೇಲೆ, ಚಿಕ್ಕಂದಿನಲ್ಲಿ ನಮ್ಮಮ್ಮ ಕರೆಯುತ್ತಿದ್ದ ಹೆಸರನ್ನು ಮೆಲ್ಲಗೆ ಹೇಳಿದಳು. ನನಗೆ ಕಣ್ಣು ತುಂಬಿ ಬಂತು. ಭಾವ ಗಂಟಲು ಸರಿಮಾಡಿಕೊಂಡು, ಆಸ್ಪತ್ರೆಯಲ್ಲಿ ಕೂಗುವ ಹಾಗೇ ಆ ಹೆಸರು ಕೂಗಿದರು.

ಎದುರಿಗೇ ನಿಂತಿದ್ದ ಅಕ್ಕ, “ಬಂದೇ” ಎಂದಳು.