ಯಾನ್ಬುವಿನಲ್ಲಿ ಹಸನಬ್ಬ ಲೇತ್ ಕಲಿಸಿದ್ದು

ನಾನು ಭಟ್ಕಳದ ಹಕೀಮ್. ಸೌದಿಯ ಬಂದರು ಊರು ಯಾನ್ಬುವಿನ ಕೈಗಾರಿಕಾ ಬೀದಿಯಲ್ಲಿ ನನ್ನದು ಬಿಡಿಭಾಗಗಳ ಅಂಗಡಿ, ಜರ್ಮನಿ, ಜಪಾನಿನ ಮಾಲು ತರಿಸಿ ಮಾರುವುದು ನನ್ನ ಕಸುಬು. ಪಕ್ಕದಲ್ಲೇ ಅಬು ರಾಕಾನ್ ಎಂಬ ಸೌದಿಯ ಲೇತ್ ವರ್ಕ್‌ಶಾಪ್. ಅಲ್ಲಿ ಕಬ್ಬಿಣ ಕಡೆಯುತ್ತಿದ್ದವರು ಫರಂಗಿಪೇಟೆಯ ಬ್ಯಾರಿ, ಹಸನಬ್ಬ. ಮೀನುಗಾರರು ದೋಣಿಯ ಪಂಪಿಗೆ ಗೇರ್ ಕೇಳಿಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಈ ಮನುಷ್ಯ ಅಡ್ಡ ಬಂದು, "ಯಾಕೆ ತರಿಸ್ತೀರಿ, ನಾನು ಮಾಡಿ ಕೊಡ್ತೇನೆ" ಎನ್ನುತ್ತಿದ್ದರು. ಹೀಗೆ ನನ್ನ ಹೊಟ್ಟೆಯ ಮೇಲೆ ಹೊಡೆಯುವವರಿಗೆ ಮಧ್ಯಾಹ್ನದ ಚಹಾ ಮಾತ್ರ ನನ್ನ ಅಂಗಡಿಯದೇ ಆಗಬೇಕಿತ್ತು. ಕೊಡುತ್ತಿದ್ದೆ. ಅಂಥವರ ಮೇಲೆ ಎಷ್ಟು ದಿನ ಮುನಿಸಿಕೊಂಡಿರಲು ಸಾಧ್ಯ?

ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಒಂದು ಸರಕಾರಿ ಕಾರ್ಖಾನೆಯಲ್ಲಿ ಪಳಗಿದ ಕೈ ಅದು. ದೇಶ ಸಮಾಜವಾದದ ಹಾದಿ ಹಿಡಿದಿದ್ದ ಕಾಲ. ಎಲ್ಲವನ್ನೂ ನಾವೇ ಮಾಡಿಕೊಳ್ಳಬೇಕು ಎಂಬ ಛಲ. ವಿದೇಶಿ ಯಂತ್ರದ ಗೇರ್ ಮುರಿದರೆ ಹೊಸದನ್ನು ತರಿಸಲು ಪರವಾನಗಿ ಸಿಗುತ್ತಿರಲಿಲ್ಲ, ಮುರಿದ ತುಂಡನ್ನೇ ಅಳೆದು ಇವರು ಕಡೆಯಬೇಕಿತ್ತು. ಕಲಿಸಲು ಚೆಕ್ ದೇಶದಿಂದ ಮೇಸ್ತ್ರಿಗಳು ಬಂದಿದ್ದರಂತೆ.

"ಅವರು ಕಲಿಸಿದ್ದು ವಾಪಸ್ ಹೋಗಲಿಕ್ಕೆ ಹಕೀಮ್ ಭಾಯಿ. ನಮ್ಮ ಕೈಗೆ ಬಂತು, ಅವರು ಹೊರಟರು" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ತೊಂಬತ್ತರ ದಶಕದಲ್ಲಿ ಆ ಕಾರ್ಖಾನೆ ಸೊರಗಿತು, ಇವರು ಕಡಲು ದಾಟಿದರು.

ಎರಡು ಸಾವಿರದ ಹದಿಮೂರರ ಹೊತ್ತಿಗೆ ಸೌದಿಯೂ ತನ್ನ ಜನರಿಂದಲೇ ತನ್ನ ಕೆಲಸ ನಡೆಯಲಿ ಎಂದು ನಿತಾಕಾತ್ ಕಾನೂನನ್ನು ಬಿಗಿ ಮಾಡಿತು. ಅಂಗಡಿಯಲ್ಲಿ ಸೌದಿಯವನೊಬ್ಬ ಕೆಲಸಕ್ಕಿರದಿದ್ದರೆ ನಮ್ಮ ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಣವಿಲ್ಲ. ಬೀದಿಯವರು ಸುಲಭದ ದಾರಿ ಹುಡುಕಿದರು. ಸೌದಿಯವನ ಹೆಸರು ಬರೆಸುವುದು, ಸಂಬಳವನ್ನು ಅವನ ಮನೆಗೆ ಕಳಿಸುವುದು, ಅವನು ಮಲಗಿರುವುದು. ಹಸನಬ್ಬರ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ ಅಬು ರಾಕಾನ್, ತನ್ನ ತಂಗಿಯ ಮಗ ಮುತ್ಲಕ್‌ನ ಹೆಸರು ಬರೆಸಿದ. ಮೂವತ್ತು ದಾಟಿದ, ಎರಡು ಮಕ್ಕಳ ತಂದೆ, ಎಲ್ಲೂ ಕೆಲಸದಲ್ಲಿ ನಿಲ್ಲದವನು.

ಹಸನಬ್ಬ ನೇರ ಅವನ ಮನೆಗೇ ಹೋದರು. "ಹೆಸರು ಬಂತು, ಕೈ ಯಾವಾಗ ಬರ್ತದೆ?" ಎಂದು ತಮ್ಮ ಮುರುಕು ಅರಬ್ಬಿಯಲ್ಲಿ ಕೇಳಿದರಂತೆ.

ನನಗೆ ಮೈಯೆಲ್ಲ ಉರಿಯಿತು. "ಎಂತ ಹುಚ್ಚು ನಿಮಗೆ ಹಸನಬ್ಬಾಕ? ಅವನು ಕಲಿತರೆ ಕಫೀಲ್ ನಿಮ್ಮನ್ನು ಇಟ್ಟುಕೊಳ್ತಾನಾ? ಮಗಳು ಶಹಾನಾಳ ನರ್ಸಿಂಗ್ ಮುಗೀಲಿಕ್ಕೆ ಇನ್ನೂ ಎರಡು ವರ್ಷ ಉಂಟು."

"ಗೊತ್ತುಂಟು" ಎಂದರು. ಮಗಳ ವಿಷಯ ಬಂದರೆ ಅವರು ಮಾತು ಬೆಳೆಸುತ್ತಿರಲಿಲ್ಲ.

ಮುತ್ಲಕ್ ಮೊದಲ ದಿನ ಇಸ್ತ್ರಿ ಮಾಡಿದ ಬಿಳಿ ತೋಬ್ ನಿಲುವಂಗಿ ಹಾಕಿಕೊಂಡು ಬಂದ, ಎಣ್ಣೆ ಮೆತ್ತಿಸಿಕೊಂಡು ಹೋದ. ಹಸನಬ್ಬ ಅವನಿಗೆ ಲೇತ್ ಮುಟ್ಟಲು ಬಿಡಲಿಲ್ಲ. ಕೈಗೆ ಅರ ಕೊಟ್ಟು, ಕಬ್ಬಿಣದ ತುಂಡನ್ನು ಉಜ್ಜಿ ಚೌಕ ಮಾಡು ಎಂದರು. ಬೆಂಗಳೂರಿನಲ್ಲಿ ಅವರು ಕಲಿತದ್ದೂ ಹಾಗೆಯೇ. ಅಂಗೈಯಲ್ಲಿ ಬೊಬ್ಬೆ ಎದ್ದಾಗ ಅವನು ಅರ ಬಿಸಾಡಿ ಮನೆಗೆ ಹೋದ. ಸಂಜೆ ಇವರು ಖರ್ಜೂರ ಹಿಡಿದುಕೊಂಡು ಹೋಗಿ, ಅವನ ಮಕ್ಕಳನ್ನು ಆಡಿಸಿ, ಅವನನ್ನು ಕರೆದುಕೊಂಡು ಬಂದರು. ಮತ್ತೆ ಬಿಸಾಡಿದ, ಮತ್ತೆ ಕರೆತಂದರು. ಹೆತ್ತವರಿಗೂ ಅಷ್ಟು ತಾಳ್ಮೆ ಇರಲಾರದು. ವರ್ಷ ಕಳೆಯುವುದರೊಳಗೆ ಮುತ್ಲಕ್ ಕಡೆದ ಗೇರುಗಳು ದೋಣಿಗಳಲ್ಲಿ ಓಡತೊಡಗಿದವು. ನನ್ನ ವ್ಯಾಪಾರಕ್ಕೆ ಈಗ ಇಬ್ಬರು ಶತ್ರುಗಳು.

ನಾನು ಹೆದರಿದ್ದೇ ಆಯಿತು. ಹಸನಬ್ಬರ ಇಕಾಮಾ ಮುಗಿಯುವ ತಿಂಗಳು ಅಬು ರಾಕಾನ್ ವರ್ಕ್‌ಶಾಪಿಗೆ ಬಂದ. ನಾನು ಚಹಾ ಕೊಡಲು ಹೋದವನು ಅಲ್ಲೇ ನಿಂತೆ.

"ಇಬ್ಬರು ಯಾಕೆ? ಇನ್ನು ಮುತ್ಲಕ್ ಸಾಕಲ್ಲ?" ಎಂದ ಅಬು ರಾಕಾನ್.

ಮುತ್ಲಕ್ ತಲೆ ಎತ್ತದೆ ಹೇಳಿದ, "ಇಲ್ಲ ಮಾವ. ಗೇರ್ ಕತ್ತರಿಸುವುದು ನನಗೆ ಇನ್ನೂ ಬರುವುದಿಲ್ಲ. ಇವರು ಇನ್ನೆರಡು ವರ್ಷ ಇರಬೇಕು."

ಅಪ್ಪಟ ಸುಳ್ಳು. ಇವರಿಗಾಗಿ ಹೇಳಿದ ಸುಳ್ಳು. ನನಗೆ ಜೀವ ಬಂದಂತಾಯಿತು. ಅಬು ರಾಕಾನ್ ಹಸನಬ್ಬರ ಕಡೆ ತಿರುಗಿದ. "ಹೌದಾ? ಅವನಿಗೆ ಬರುವುದಿಲ್ಲವಾ?"

ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು. ಶಹಾನಾಳ ಓದು ಅಲ್ಲಿಗೆ ದಡ ಸೇರುತ್ತಿತ್ತು. ಆಡಿಸಿ ಮಾರಾಯರೇ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ.

"ಬರ್ತದೆ. ನನಗಿಂತ ಚೆನ್ನಾಗಿ ಕತ್ತರಿಸ್ತಾನೆ" ಎಂದರು ಹಸನಬ್ಬ.

ಅಬು ರಾಕಾನ್ ಊರಿಗೆ ಮರಳಲು ಎಕ್ಸಿಟ್ ಮಾಡಿಸುತ್ತೇನೆಂದು ಹೇಳಿ ಹೋದ. ನಾನು ಬಾಯಿಗೆ ಬಂದಂತೆ ಬೈದೆ. ಮಗಳ ಗತಿ ಏನು ಎಂದೆ.

"ನಮ್ಮೂರ ಬೈಕಂಪಾಡಿಯಲ್ಲಿಯೂ ಲೇತ್ ಉಂಟಲ್ಲ ಮಾರಾಯ. ಕೈಕಾಲು ಗಟ್ಟಿ ಉಂಟು, ಓದಿಸ್ತೇನೆ" ಎಂದರು.

ಮುತ್ಲಕ್‌ಗೂ ಸಿಟ್ಟು ಬಂದಿತ್ತು. "ನಿಮಗಾಗಿ ನಾನು ನನ್ನ ಮಾವನಿಗೇ ಸುಳ್ಳು ಹೇಳಿದೆ. ಯಾಕೆ ಹೀಗೆ ಮಾಡಿದಿರಿ?" ಎಂದು ಕೇಳಿದ.

"ನೀನು ಕಲಿತಿಲ್ಲ ಅಂದರೆ ನಾನು ಇಷ್ಟು ದಿನ ಇಲ್ಲಿ ಎಂತ ಮಾಡಿದ್ದು?" ಎಂದರು ಹಸನಬ್ಬ.

ಅವನು ಕೈ ಒರೆಸಿಕೊಂಡು ಹತ್ತಿರ ಬಂದ. ಅಲ್ಲಿಯ ಮಕ್ಕಳು ಹೆತ್ತ ತಂದೆಗೆ ಮಾಡುವಂತೆ ಬಗ್ಗಿ ಅವರ ಹಣೆಗೆ ಮುತ್ತಿಟ್ಟ.